ಹೊಳೆಕಲ್ಲಿನ ಒಲೆ

ಬಚ್ಚಲೊಲೆಯ ಮುಂದೆ ಅತ್ತಿಗೆಯ ಮಣೆ ಎಷ್ಟು ಹತ್ತಿರ ಇರುತ್ತಿತ್ತೆಂದರೆ, ಊದುಗೊಳವೆ ಬಾಯಿಗಿಟ್ಟು ಅವರು ಬಗ್ಗಿದಾಗ ಹಣೆ ಕಲ್ಲಿಗೆ ತಾಗುವುದೊಂದು ಬಾಕಿ. "ಸ್ವಲ್ಪ ಹಿಂದೆ ಸರೀರಿ ಅತ್ತಿಗೆ" ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು. ಅವರು ಸರಿಯುವವರಲ್ಲ.

ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವರು. ನಾನು ಪೆರಾಬೆಯ ಈ ಮನೆಗೆ ಮದುವೆಯಾಗಿ ಬಂದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ಒಳಗೆ ಕರೆದದ್ದು ಅವರೇ. ಆಮೇಲೆ ಆ ಅಡುಗೆಮನೆ ಅವರ ಕೈಯಿಂದ ನನ್ನ ಕೈಗೆ ಬಂತು, ನನ್ನ ಕೈಯಿಂದ ಸೊಸೆಯ ಕೈಗೆ ಹೋಯಿತು. ನನ್ನವರು ತೀರಿಕೊಂಡ ಮೇಲೆ ದೇವರ ಕೋಣೆ ಮಗನದಾಯಿತು. ಬಚ್ಚಲಿನ ಬೆಂಕಿಯೊಂದು ಮಾತ್ರ ಅತ್ತಿಗೆಯ ಹತ್ತಿರವೇ ಉಳಿಯಿತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ತೆಂಗಿನ ಮಡಲು ಮುರಿದು, ಒಣಸಿಪ್ಪೆ ತುರುಕಿ, ತಾಮ್ರದ ಹಂಡೆಯಲ್ಲಿ ಇಡೀ ಮನೆಗೆ ನೀರು ಕಾಯಿಸುವುದು. ಅದು ಅವರ ಡಿಪಾರ್ಟ್‌ಮೆಂಟ್. ಬೇರೆ ಯಾರಾದರೂ ಒಂದು ಕಟ್ಟಿಗೆ ಮುಂದಕ್ಕೆ ತಳ್ಳಿದರೂ ಅವರಿಗೆ ಸಿಟ್ಟು ಬರುತ್ತಿತ್ತು.

ನನಗೆ ಹೆದರಿಕೆ ಇದ್ದದ್ದು ಅವರ ಕಣ್ಣಿನದು. ಬಲಗಣ್ಣು ಒಳಗಿನ ಒತ್ತಡ ಏರುವ ಕಾಯಿಲೆಯಿಂದ ಪೂರ್ತಿ ಹೋಗಿತ್ತು. ಎಡಗಣ್ಣಿಗೆ ಪುತ್ತೂರಿನಲ್ಲಿ ಪೊರೆ ತೆಗೆಸಿ ಲೆನ್ಸ್ ಹಾಕಿಸಿದ್ದೆವು. ಅವರಿಗೆ ಈ ಲೋಕ ಕಾಣುತ್ತಿದ್ದದ್ದು ಆ ಒಂದು ಕಣ್ಣಿನಿಂದ. "ಹೊಗೆಯ ಹತ್ತಿರ ಹೋಗ್ಬಾರ್ದು ಅಮ್ಮ, ಇರುದು ಒಂದೇ ಕಣ್ಣು" ಎಂದು ಡಾಕ್ಟರು ಹೇಳಿದಾಗ ಅತ್ತಿಗೆ ತಲೆಯಾಡಿಸಿದರು. ಹೊರಗೆ ಬಂದು ಕಾರು ಹತ್ತುವಾಗ ನನ್ನ ಕಿವಿಯಲ್ಲಿ, "ಆ ಡಾಕ್ಟ್ರು ತಣ್ಣೀರಲ್ಲಿ ಮೀಯುದಾ?" ಎಂದರು.

ಹಳೆಯ ಒಲೆ ಕೆಂಪುಕಲ್ಲಿನದು, ನನ್ನ ಮಾವನ ಕಾಲದ್ದು. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಬಾಯಿಯ ಒಂದು ಬದಿ ಕುಸಿಯಿತು, ಹಂಡೆ ವಾಲಿತು. ತಾತ್ಕಾಲಿಕವಾಗಿ ಕಬ್ಬಿಣದ ತುಂಡೊಂದನ್ನು ಆನಿಸಿ ನಿಲ್ಲಿಸಿದೆವು. ದೀಪಾವಳಿಗೆ ಇನ್ನೂ ದಿನಗಳಿದ್ದವು. ನೀರು ತುಂಬುವ ಸಂಜೆಗೆ ಹೊಸ ಒಲೆ ಆಗಲೇಬೇಕು ಎಂದು ಅತ್ತಿಗೆ ಹಠ ಹಿಡಿದರು. ನಮ್ಮ ಕಡೆ ದೀಪಾವಳಿ ಶುರುವಾಗುವುದೇ ಬಚ್ಚಲಿನಿಂದ. ನರಕ ಚತುರ್ದಶಿಯ ಹಿಂದಿನ ಸಂಜೆ ಬಚ್ಚಲು ತೊಳೆದು, ಹಂಡೆ ಬೆಳಗಿ, ಅದಕ್ಕೆ ಹಿಂಡ್ಲೆಕಾಯಿ ಎಂಬ ಕಾಡುಕಾಯಿಯ ಬಳ್ಳಿ ಸುತ್ತಿ ನೀರು ತುಂಬುವುದು. ಮರುದಿನ ಬೆಳಕು ಹರಿಯುವ ಮೊದಲು ಎಣ್ಣೆ ಹಚ್ಚಿ ಮೀಯುವುದು. ವಾಲಿದ ಹಂಡೆಗೆ ಬಳ್ಳಿ ಸುತ್ತುವುದು ಅವರಿಂದ ಸಾಧ್ಯವಿರಲಿಲ್ಲ.

ಮಗನಿಗೆ ಬೇರೆಯೇ ಲೆಕ್ಕಾಚಾರ. ಅವನು ತೋಟ ನೋಡಿಕೊಳ್ಳುವುದರ ಜೊತೆಗೆ, ಸುಬ್ರಹ್ಮಣ್ಯಕ್ಕೆ ಪೂಜೆಗೆಂದು ಬರುವವರಿಗೆ ಮನೆಯ ಹೊರಗಿನ ಕೋಣೆಗಳನ್ನು ಬಾಡಿಗೆಗೆ ಬಿಡುತ್ತಾನೆ. ಬಂದವರೆಲ್ಲ ನಮ್ಮ ಹಂಡೆಯ ಎದುರು ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅವನು ಫೋನಿನಲ್ಲಿ ಚಿತ್ರಗಳನ್ನು ತೋರಿಸಿದ. ಯಾವುದೋ ಚಳಿ ದೇಶದ ಮನೆಗಳು, ನೆಲದಿಂದ ಸೂರಿನವರೆಗೆ ಕಲ್ಲು ಜೋಡಿಸಿದ ಫೈರ್‌ಪ್ಲೇಸುಗಳು.

"ಹೀಗೆ ಮಾಡುವ ಅಮ್ಮ. ನೂರು ವರ್ಷ ಎಂತದೂ ಆಗ್ಲಿಕ್ಕಿಲ್ಲ."

ಆ ಚಿತ್ರ ನೋಡಿ ನಾನು ಸ್ವಲ್ಪ ಹೊತ್ತು ಎಲ್ಲಿಯೋ ಹೋದೆ. ನಾನು ಓದಿದ ಕಾನ್ವೆಂಟಿನ ಪಾರ್ಲರಿನಲ್ಲಿ ಒಂದು ಫೈರ್‌ಪ್ಲೇಸ್ ಇತ್ತು. ಬೆವರು ಒರೆಸಿ ಮುಗಿಯದ ಮಂಗಳೂರಿನಲ್ಲಿ ಅದನ್ನು ಯಾರು ಕಟ್ಟಿಸಿದರೋ, ಯಾವ ಚಳಿಯನ್ನು ನೆನೆದು ಕಟ್ಟಿಸಿದರೋ! ಕಪ್ಪುಕಲ್ಲಿನ ಮ್ಯಾಂಟಲ್‌ಪೀಸ್, ಅದರ ಮೇಲೆ ಒಂದು ಗಡಿಯಾರ, ಬೆಂಕಿ ಇರಬೇಕಾದಲ್ಲಿ ಕಾಗದದ ಹೂಗಳ ಹೂದಾನಿ. ಶನಿವಾರ ಅದನ್ನು ಡಸ್ಟ್ ಮಾಡುವ ಸರದಿ ನನಗೆ ಬಂದರೆ ಆ ತಣ್ಣನೆಯ ಕಲ್ಲಿಗೆ ಕೆನ್ನೆ ಆನಿಸಿ ನಿಲ್ಲುತ್ತಿದ್ದೆ. ದೊಡ್ಡವಳಾದ ಮೇಲೆ ನನ್ನ ಮನೆಯಲ್ಲೂ ಇಂಥದೊಂದು ಇರುತ್ತದೆ ಎಂದುಕೊಳ್ಳುತ್ತಿದ್ದೆ. ಹೌ ಸಿಲ್ಲಿ ವೀ ವರ್. ಸಿಕ್ಕಿದ್ದು ಬಚ್ಚಲೊಲೆ, ಅದೂ ಅತ್ತಿಗೆಯದು.

ಮೇಸ್ತ್ರಿ ಇಚಿಲಂಪಾಡಿಯವ. ಯಾರು ಏನು ಹೇಳಿದರೂ "ಅದು ಸರಿ" ಎನ್ನುವ ಸಮಾಧಾನಿ. ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತಾ ಕಲ್ಲಿನ ಮಾತು ತೆಗೆದ.

"ಕಪ್ಪುಕಲ್ಲು ಹಾಕಿದ್ರೆ ಹೇಗೆ?" ಎಂದು ಕೇಳಿದೆ ನಾನು.

"ನೋಡ್ಲಿಕ್ಕೆ ಭಾರೀ ಲಾಯ್ಕ ಅಮ್ಮ. ಆದ್ರೆ ದಿನಾ ಬೆಂಕಿ ತಾಗಿದ್ರೆ ಅದು ಸಿಪ್ಪೆ ಬಿಡ್ತದೆ, ಈರುಳ್ಳಿ ಹಾಗೆ."

"ಹಾಗಾದ್ರೆ ಬಳಪದ ಕಲ್ಲು?" ಎಂದ ಮಗ. ಹಿಂದೆ ಉಪ್ಪಿನಕಾಯಿಯ ಮರಿಗೆಗಳನ್ನು ಕಡೆಯುತ್ತಿದ್ದ ಮೆತ್ತನೆಯ ಕಲ್ಲು ಅದು.

"ಅದು ಬೆಂಕಿಗೆ ಹೆದರುದಿಲ್ಲ. ಆದ್ರೆ ಹಬ್ಬದೊಳಗೆ ಎಲ್ಲಿಂದ ತರುದು? ನನ್ನ ಕೇಳಿದ್ರೆ ಕೆಂಪುಕಲ್ಲೇ ಸಾಕು. ಗುಡ್ಡದ ಆಚೆ ಹೊಸ ಕೋರೆ ಉಂಟಲ್ಲ, ಲೋಡು ನಾಳೆಯೇ ಬರ್ತದೆ."

ಒಳಗಿನಿಂದ ಅತ್ತಿಗೆಯ ಸ್ವರ ಬಂತು. "ಆ ಕೋರೆಯ ಕಲ್ಲು ಈ ಅಂಗಳಕ್ಕೆ ಬರ್ಬಾರ್ದು."

ಕಲ್ಲು ಕಡಿಯುವ ಆ ಕೋರೆಯ ಅಂಚಿನಲ್ಲಿ ಒಂದು ಹಳೆಯ ನಾಗಬನ ಇತ್ತಂತೆ. ಯಂತ್ರ ಇಟ್ಟು ಕೊಯ್ಯುತ್ತಾ ಹೋದವರು ಬನದ ಬುಡವನ್ನೂ ಕೊಯ್ದರು ಎಂಬ ಮಾತು ಊರಲ್ಲಿ ಹಬ್ಬಿತ್ತು. ಆಮೇಲೆ ಅಲ್ಲಿಯ ಲಾರಿಯೊಂದು ಮಗುಚಿತು, ಕೆಲಸದವನೊಬ್ಬನ ಮೈಮೇಲೆ ಗುಳ್ಳೆಗಳೆದ್ದವು. ಎಷ್ಟು ನಿಜವೋ ಯಾರು ನೋಡಿದ್ದಾರೆ. ಆದರೆ ಅತ್ತಿಗೆ ಅಷ್ಟು ಹೇಳಿದ್ದೇ ಮಗ ಕಾಫಿ ಲೋಟ ಕೆಳಗಿಟ್ಟ.

"ಬೇರೆ ಕೋರೆಯದ್ದು ತರಿಸುವ ಅತ್ತೆ" ಎಂದ ಮಗ.

"ಯಾವ ಕೋರೆಯದ್ದು ಅಂತ ಕಲ್ಲಿನ ಮೇಲೆ ಬರ್ದಿರ್ತದಾ ಮಾಣಿ? ಲಾರಿಯವ ಹೇಳಿದ್ದೇ ಕೋರೆ. ನಾಗನ ಕಲ್ಲಿಗೆ ಬೆಂಕಿ ಹಾಕಿದ್ರೆ ಎಂತ ಆಗ್ತದೆ ಗೊತ್ತುಂಟಾ? ಮೊದಲು ಹೋಗುದೇ ಕಣ್ಣು."

ಮೇಸ್ತ್ರಿ "ಅದು ಸರಿ" ಎಂದ.

ನಾನು ಬೈಬಲ್ ಕ್ಲಾಸಿನಲ್ಲಿ ಕುಳಿತು ಬೆಳೆದವಳು, ಇಂಗ್ಲಿಷಿನಲ್ಲಿ ಕನಸು ಕಂಡವಳು. ಆದರೆ ನಾಗ ಎಂದ ಕೂಡಲೇ ನನ್ನ ಬೆನ್ನು ತಣ್ಣಗಾಗುತ್ತದೆ.

ಹೊಳೆಕಲ್ಲು ಎಂದು ಮೊದಲು ಹೇಳಿದ್ದು ಮಗನೋ ಮೇಸ್ತ್ರಿಯೋ ನೆನಪಿಲ್ಲ. ಒಪ್ಪಿಕೊಂಡದ್ದು ಮಾತ್ರ ಎಲ್ಲರೂ. ಸುಬ್ರಹ್ಮಣ್ಯದ ಕಡೆಯಿಂದ ಹರಿದು ಬರುವ ನೀರಿನಲ್ಲಿ ವರ್ಷಾನುಗಟ್ಟಲೆ ಉರುಳಿ ನುಣುಪಾದ ಕಲ್ಲು. ಅತ್ತಿಗೆಯ ಮುಖ ಅರಳಿತು. "ಅದಕ್ಕೆ ಯಾವ ದೋಷವೂ ಇಲ್ಲ. ದಿನಾ ಕುಮಾರಧಾರೆಯಲ್ಲಿ ಮಿಂದ ಕಲ್ಲು" ಎಂದರು. ಮಗನ ಫೋನಿನ ಚಿತ್ರಕ್ಕೂ ಅದು ಸರಿಹೊಂದಿತು. ಗಟ್ಟಿಯೋ ಎಂದು ನಾನು ಕೇಳಿದ್ದಕ್ಕೆ ಮೇಸ್ತ್ರಿ ನಕ್ಕ: "ಇಷ್ಟು ಮಳೆಗಾಲ ಹೊಳೆಯೇ ಅದನ್ನು ಒಡೀಲಿಕ್ಕೆ ನೋಡಿ ಸೋತಿದೆ ಅಮ್ಮ."

ಹೊಳೆ ಆಗತಾನೇ ಇಳಿಯುತ್ತಿತ್ತು. ಪಿಕಪ್ಪಿನಲ್ಲಿ ಬಂದ ಕಲ್ಲುಗಳನ್ನು ಅಂಗಳದಲ್ಲಿ ಸುರಿದಾಗ ಅವುಗಳಿಂದ ನೀರಿಳಿದು ತುಳಸಿಕಟ್ಟೆಯವರೆಗೂ ಹರಿಯಿತು. ಬೂದು, ಹಸಿರು, ಮಸುಕು ನೀಲಿ. ಎಷ್ಟು ಚೆಂದವಿದ್ದವೆಂದರೆ ಒಂದನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಕುಳಿತೆ. ಸೀರೆಯ ಮೂಲಕ ತಣ್ಣಗೆ ತಾಗಿತು. ಸುಮಾರು ಹೊತ್ತಾದ ಮೇಲೂ ಅದರಡಿಯಲ್ಲಿ ಸೀರೆ ಒದ್ದೆಯಾಗುತ್ತಲೇ ಇತ್ತು.

ಮೇಸ್ತ್ರಿ ಹಳೆಯ ಒಲೆ ಬಿಚ್ಚಿ, ಕೆಂಪುಮಣ್ಣಿಗೆ ಸ್ವಲ್ಪ ಸಿಮೆಂಟು ಸೇರಿಸಿ, ಹೊಳೆಕಲ್ಲುಗಳನ್ನು ಒಂದಕ್ಕೊಂದು ಕೂರಿಸಿ ಹೊಸ ಒಲೆ ಕಟ್ಟಿದ. ಬೆಂಕಿಯ ಬಾಯಿಯ ಸುತ್ತಲೂ ಒಳಗೂ ಅದೇ ಕಲ್ಲು. ಅತ್ತಿಗೆ ಒಂದೊಂದನ್ನೂ ಅಂಗೈಯಿಂದ ಸವರಿ ನೋಡಿದರು. ತಮಗೆ ಬೇಕಾದಲ್ಲಿ ಮಣೆ ಹಾಕಿಕೊಂಡರು. ಎಂದಿನಂತೆ ಹತ್ತಿರ.

ಮೊದಲ ಬೆಂಕಿಯ ದಿನವೇ ನನಗೆ ಆ ಸದ್ದು ಕೇಳಿಸಿತು. ಟಿಕ್. ಗಡಿಯಾರದಂತೆ ಒಂದೇ ಸಮನೆ ಅಲ್ಲ. ಒಮ್ಮೆ ಕೇಳಿ, ನಿಂತಿತು ಅಂದುಕೊಳ್ಳುವಾಗ ಮತ್ತೊಮ್ಮೆ. ಕಲ್ಲಿನ ಒಳಗಿನಿಂದ ಯಾರೋ ಉಗುರಿನಿಂದ ತಟ್ಟಿದಂತೆ.

"ಅದು ಸೆಟ್ಲ್ ಆಗುದು ಅಮ್ಮ" ಎಂದ ಮಗ.

"ನಿಮಗೆ ಕೇಳ್ತದಾ ಅತ್ತಿಗೆ?"

"ಎಂತ ಕೇಳುದು? ನಿನಗೆ ಕಾನ್ವೆಂಟಿನ ಬೆಲ್ಲು ಇನ್ನೂ ಕಿವಿಯಲ್ಲಿ ಉಂಟು ಮಾರಾಯ್ತಿ."

ಅವರ ಕಿವಿ ಮಂದವಾಗಿತ್ತು. ಕೇಳುವಷ್ಟು ಕೇಳುವುದು, ಬೇಡದ್ದನ್ನು ಬಿಡುವುದು. ಬೆಂಕಿ ಕಾವೇರಿದಾಗ ಕಲ್ಲುಗಳ ಮೇಲೆ ಸಣ್ಣ ಸಣ್ಣ ಹನಿಗಳು ಮೂಡಿ, ಅಲ್ಲಿಯೇ ಆರಿ, ಬಿಳಿಯ ಕಲೆ ಉಳಿಯುತ್ತಿತ್ತು. ಸೊಸೆ ಅದನ್ನು ನೋಡಿ, "ಕಲ್ಲು ಬೆವರ್ತದೆ ಅತ್ತೆ" ಎಂದು ನಗಾಡಿದಳು. ನನಗೆ ನಗು ಬರಲಿಲ್ಲ.

ಒಂದು ಬೆಳಿಗ್ಗೆ ಬೂದಿ ತೆಗೆಯುವಾಗ ಅದರಲ್ಲಿ ಒಂದು ಚಕ್ಕೆ ಸಿಕ್ಕಿತು. ಒಂದು ಬದಿ ನುಣುಪು, ಇನ್ನೊಂದು ಬದಿ ಹೊಸದಾಗಿ ಮುರಿದ ಬಿಳುಪು. ಅಂಚು ಬ್ಲೇಡಿನ ಹಾಗೆ. ಅದನ್ನು ಮಗನಿಗೆ ತೋರಿಸಿದೆ. ಅವನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ ಮೇಸ್ತ್ರಿಗೆ ಫೋನು ಹಚ್ಚಿದ. "ಹೊಸತರಲ್ಲಿ ಹಾಗೆಯೇ. ಹಬ್ಬ ಕಳೀಲಿ, ಒಳಗೆ ಮಣ್ಣು ಮೆತ್ತಿ ಕೊಡುವ" ಎಂದಿತು ಫೋನು.

"ಅಲ್ಲಿಯವರೆಗೆ ನಿನ್ನ ಅತ್ತೆ ಒಲೆ ಹತ್ತಿರ ಕೂರುದು ಬೇಡ" ಎಂದೆ ನಾನು. "ಚಕ್ಕೆ ಹಾರಿ ಆ ಒಂದು ಕಣ್ಣಿಗೆ ಬಿದ್ರೆ?"

ಮಗ ಹೋಗಿ ಹೇಳಿದ. ನಾನೂ ಹೋಗಿ ಹೇಳಿದೆ. ಮಣೆಯನ್ನು ಎತ್ತಿ ಗೋಡೆಯ ಬದಿಗೆ ಇಟ್ಟೆ. ಅತ್ತಿಗೆ ಅದನ್ನು ಕಾಲಿನಿಂದಲೇ ಎಳೆದು ತಂದರು.

"ನಾನು ಅಷ್ಟು ದೂರ ಕೂತ್ರೆ ಬೆಂಕಿ ನನಗೆ ಕಾಣುದಿಲ್ಲ. ಬೆಂಕಿ ಕಾಣದವಳು ಎಂತ ನೀರು ಕಾಯಿಸುದು? ಸೀದ ಹೇಳಿ, ನಿನ್ನ ಕೆಲಸ ಮುಗೀತು, ಮೂಲೆಯಲ್ಲಿ ಕೂತ್ಕೋ ಅಂತ."

ಅದನ್ನು ಹೇಳುವ ಧೈರ್ಯ ಆ ಮನೆಯಲ್ಲಿ ಯಾರಿಗಿತ್ತು? ಮಗ ನನ್ನ ಮುಖ ನೋಡಿದ, ನಾನು ಹಂಡೆಯನ್ನು ನೋಡಿದೆ.

ನೀರು ತುಂಬುವ ದಿನ ಬಂತು. ಹಬ್ಬಕ್ಕೆಂದು ಬಚ್ಚಲನ್ನು ತೊಳೆಯುವುದು ನಮ್ಮಲ್ಲಿ ನೆಲಕ್ಕೆ ಮಾತ್ರವಲ್ಲ. ಒಲೆಯನ್ನೂ ತಣಿಸಿ, ಬೂದಿ ತೆಗೆದು, ಒಳಗೂ ಹೊರಗೂ ತೊಳೆಯಬೇಕು. ಮಣ್ಣು ಮೆತ್ತಿದ ಹಳೆಯ ಒಲೆಗೆ ಸಗಣಿ ಸಾರಿಸಿ ಮುಗಿಸುತ್ತಿದ್ದರು. ಈ ಸಲ ಕಲ್ಲು. ಮೇಲಾಗಿ ಹೊಳೆಯಿಂದ ಬಂದದ್ದು. ಅದಕ್ಕೆ ನೀರೆಂದರೆ ಎಂತ ಅಂಜಿಕೆ? ಅತ್ತಿಗೆ ಮಧ್ಯಾಹ್ನದಿಂದಲೇ ಬಾವಿಯ ನೀರನ್ನು ಕೊಡಕೊಡವಾಗಿ ತರಿಸಿ ಕಲ್ಲಿನ ಮೇಲೆ ಹೊಯ್ದರು, ತೆಂಗಿನ ನಾರಿನಿಂದ ಮಸಿ ತಿಕ್ಕಿದರು, ಮತ್ತೆ ಹೊಯ್ದರು. ಮಣ್ಣು ಮೆತ್ತಿದ ಸಂದುಗಳು ಕಪ್ಪಗೆ ನೆನೆದವು. ಕಲ್ಲುಗಳು ಮತ್ತೆ ಹೊಳೆಯಲ್ಲಿದ್ದಾಗಿನ ಬಣ್ಣಕ್ಕೆ ತಿರುಗಿದವು. ಸಂಜೆ ಹಂಡೆಗೆ ಬಿಳಿಯ ಜೇಡಿಮಣ್ಣಿನ ಗೆರೆ ಎಳೆದು, ಹಿಂಡ್ಲೆಬಳ್ಳಿ ಸುತ್ತಿ, ದೀಪ ಇಟ್ಟೆವು. ಅತಿಥಿಗಳಿಬ್ಬರು ಬಂದು ಫೋಟೋ ತೆಗೆದರು. "ಸೋ ಆಥೆಂಟಿಕ್" ಎಂದಳು ಆ ಹುಡುಗಿ. ನಾನೂ "ಥ್ಯಾಂಕ್ ಯೂ ಡಿಯರ್" ಎಂದೆ. ನನ್ನ ಕಣ್ಣು ಮಾತ್ರ ಒಲೆಯ ಬಾಯಿಯ ಮೇಲಿತ್ತು. ಅಲ್ಲಿಂದ ನೀರು ಇನ್ನೂ ಜಿನುಗುತ್ತಿತ್ತು.

ಬೆಳಗಿನ ಜಾವ ನಾನು ಎಣ್ಣೆಯ ಗಿಂಡಿ ಹಿಡಿದು ಬಚ್ಚಲಿಗೆ ಬರುವಾಗ ಬೆಂಕಿ ಆಗಲೇ ಹತ್ತಿತ್ತು. ವರ್ಷಕ್ಕೊಮ್ಮೆ ಆ ದಿನ ಅತ್ತಿಗೆ ಹಾಕುವ ಬೆಂಕಿ ದೊಡ್ಡದು. ಮನೆಮಂದಿಗೆಲ್ಲ ಒಟ್ಟಿಗೇ ನೀರು ಬೇಕು. ದಪ್ಪ ಕಟ್ಟಿಗೆಯ ಮೇಲೆ ಸಿಪ್ಪೆ, ಅದರ ಮೇಲೆ ಮಡಲು. ಬಲ್ಬಿನ ಕೆಳಗೆ ಅವರು ಬಗ್ಗಿ ಕೂತಿದ್ದರು, ತಲೆಯಿಂದ ಎಣ್ಣೆ ಹಣೆಗಿಳಿಯುತ್ತಿತ್ತು. ಟಿಕ್ ಎಂಬ ಸದ್ದಿಗಾಗಿ ಕಿವಿಗೊಟ್ಟೆ. ಇರಲಿಲ್ಲ. ಅದರ ಬದಲು ಒಂದು ಸಣ್ಣ ಸಿಳ್ಳು. ಕುದಿಯುವ ಮುಂಚೆ ಕೆಟ್ಲಿನಿಂದ ಬರುತ್ತದಲ್ಲ, ಹಾಗೆ. ಹಂಡೆಯ ನೀರು ಇನ್ನೂ ಕಾದೇ ಇರಲಿಲ್ಲ.

"ಅತ್ತಿಗೆ, ಏಳಿ. ಪ್ಲೀಸ್, ಏಳಿ ಅಲ್ಲಿಂದ."

"ಬಂದದ್ದೇ ಅವಸರ ಇವಳಿಗೆ. ನೀರು ಕಾಯ್ಲಿ."

ಊದುಗೊಳವೆ ತೆಗೆದುಕೊಂಡು ಬಗ್ಗಿದರು. ನಾನು ಅವರ ಭುಜ ಹಿಡಿದು ಹಿಂದಕ್ಕೆ ಎಳೆದದ್ದೂ ಕಲ್ಲು ಸಿಡಿದದ್ದೂ ಒಟ್ಟಿಗೇ. ಜಾತ್ರೆಯಲ್ಲಿ ಮದ್ದು ತುಂಬಿ ಸಿಡಿಸುವ ಕದಿನದಂಥ ಶಬ್ದ. ಗಿಂಡಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಕೆಂಡ, ಬೂದಿ, ಕಲ್ಲಿನ ಚೂರು. ಹಂಡೆ ಗಣಗಣ ಎಂದಿತು. ಅಂಗಳದಿಂದ ಮಗನ ನಗುವ ಸ್ವರ: "ಯಾರಪ್ಪಾ ಬಚ್ಚಲಿನೊಳಗೆ ಪಟಾಕಿ ಹೊಡೆದದ್ದು?"

ನಾನು ನೆಲಕ್ಕೆ ಬಿದ್ದಿದ್ದೆ, ಅತ್ತಿಗೆ ನನ್ನ ಮಡಿಲಿಗೆ ಒರಗಿದ್ದರು. ಎಡಗೈ ಮುಖದ ಮೇಲಿತ್ತು. ಬೆರಳ ಸಂದಿಯಿಂದ ರಕ್ತ ಎಣ್ಣೆಯ ಜೊತೆ ಸೇರಿ ನಿಧಾನವಾಗಿ ಇಳಿಯುತ್ತಿತ್ತು. ಅವರು ಕೂಗಲಿಲ್ಲ. ಬಹಳ ಮೆಲ್ಲನೆ ಕೇಳಿದರು:

"ಕರೆಂಟ್ ಹೋಯ್ತಾ?"

ತಲೆಯ ಮೇಲೆ ಬಲ್ಬು ಉರಿಯುತ್ತಲೇ ಇತ್ತು.

ಮೈಯೆಲ್ಲ ಎಣ್ಣೆಯಲ್ಲಿಯೇ ನಾವು ಪುತ್ತೂರಿಗೆ ಹೋದೆವು. ದಾರಿಯ ಮನೆಗಳಲ್ಲೆಲ್ಲ ದೀಪಗಳು, ಹೊಗೆಯಾಡುವ ಬಚ್ಚಲುಗಳು. ಕಾರಿನಲ್ಲಿ ಅತ್ತಿಗೆ ನನ್ನ ಕೈ ಬಿಡಲಿಲ್ಲ. "ಅತಿಥಿಗಳಿಗೆ ಬಿಸಿನೀರು ಆಯ್ತಾ" ಎಂದು ಒಮ್ಮೆ ಕೇಳಿದರು. ಮಗ ಸ್ಟೇರಿಂಗ್ ಹಿಡಿದು ಅಳುತ್ತಿದ್ದ, ಅವರಿಗೆ ಗೊತ್ತಾಗದ ಹಾಗೆ.

ಚಕ್ಕೆ ಹುಬ್ಬನ್ನೂ ರೆಪ್ಪೆಯನ್ನೂ ಸೀಳಿತ್ತು. ಕಣ್ಣಿನೊಳಗೆ ರಕ್ತ ನಿಂತಿದೆ, ಅದು ಕರಗುವವರೆಗೆ ಹೇಳಲಾಗದು ಎಂದರು ಡಾಕ್ಟರು. ಎಡಗಣ್ಣಿಗೆ ಕಟ್ಟು ಹಾಕಿದರು. ಬಲಗಣ್ಣು ಮೊದಲೇ ಇಲ್ಲ. ಹಾಗೆ ಅತ್ತಿಗೆ ಹಬ್ಬ ಕಳೆದು ತುಳಸಿಪೂಜೆಯ ಹೊತ್ತಿನವರೆಗೂ ಪೂರ್ತಿ ಕತ್ತಲಲ್ಲಿದ್ದರು. ನಾನು ತುತ್ತು ಮಾಡಿ ಬಾಯಿಗಿಟ್ಟೆ. ಅವರು ಅಗಿಯುತ್ತಾ ಗೋಡೆಯ ಕಡೆಗೆ ಮುಖ ಮಾಡಿ ಕೂರುತ್ತಿದ್ದರು.

ನೋಡಲು ಬಂದ ನೆಂಟರೆಲ್ಲ ದನಿ ತಗ್ಗಿಸಿ ಅದನ್ನೇ ಹೇಳಿದರು. ಆ ಹೊಳೆಯಲ್ಲಿ ಏನೇನು ತೇಲಿ ಬಂದಿರುತ್ತದೋ, ಯಾವ ಬನದ ಕಲ್ಲೋ, ಜೋಯಿಸರ ಹತ್ತಿರ ಒಂದು ಪ್ರಶ್ನೆ ಇಡಿಸಿ ನೋಡಿ, ಎಂದು. ಮಗ ಎದ್ದ. ಪಿಕಾಸಿ ತೆಗೆದುಕೊಂಡು ಹೋಗಿ ಒಲೆ ಒಡೆದ. ನಾನು ಬಾಗಿಲಲ್ಲಿ ನಿಂತಿದ್ದೆ. ಸಿಡಿದ ಕಲ್ಲು ಹೊರಬದಿಗೆ ಸುಟ್ಟು ಒಣಗಿತ್ತು. ಅವನು ಪಿಕಾಸಿಯಿಂದ ಹೊಡೆದು ಎರಡು ಮಾಡಿದ ಪಕ್ಕದ ಕಲ್ಲು ನಡುವೆ ಇನ್ನೂ ಒದ್ದೆ. ಅವನು ಅದರ ಮೇಲೆ ಬೆರಳು ಇಟ್ಟು ನನಗೆ ತೋರಿಸಿದ. ಮೇಸ್ತ್ರಿ ಬಂದವನು ಆ ದಿನ "ಅದು ಸರಿ" ಎನ್ನಲಿಲ್ಲ. "ಕಲ್ಲು ಇಷ್ಟು ನೀರು ಕುಡೀತದೆ ಅಂತ ನನಗೂ ಗೊತ್ತಿರ್ಲಿಲ್ಲ ಅಣ್ಣ. ಆವಿ ಹೋಗ್ಲಿಕ್ಕೆ ದಾರಿ ಬೇಕಲ್ಲ" ಎಂದು ತಲೆ ತಗ್ಗಿಸಿ ನಿಂತ.

ಕಟ್ಟು ಬಿಚ್ಚಿದ ದಿನ ಡಾಕ್ಟರು ಬೆರಳುಗಳನ್ನು ಎತ್ತಿ ಹಿಡಿದು ಎಷ್ಟು ಎಂದು ಕೇಳಿದರು. ಅತ್ತಿಗೆ ಕಣ್ಣು ಕಿರಿದು ಮಾಡಿ ಅತ್ತ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ತಲೆ ಇಷ್ಟು ಬೆಳ್ಳಗಾದದ್ದು ಯಾವಾಗ ಮಾರಾಯ್ತಿ?" ಎಂದರು. ಮೊದಲಿನಷ್ಟು ಇಲ್ಲ, ಮಂಜಿನಲ್ಲಿ ನೋಡಿದ ಹಾಗೆ. ಆದರೂ ಕಾಣುತ್ತದೆ.

ಹೊಸ ಒಲೆಯನ್ನು ಈ ಸಲ ಅವಸರವಿಲ್ಲದೆ ಕಟ್ಟಿಸಿದೆವು. ಸುಳ್ಯದ ಕಡೆಯ ಕೋರೆಗೆ ಮಗ ತಾನೇ ಹೋಗಿ ನಿಂತು ಕೆಂಪುಕಲ್ಲು ತಂದ, ಅಂಗಳದಲ್ಲಿ ಹರಡಿ ಬಿಸಿಲಿಗೆ ಒಣಗಿಸಿದ. ಬೆಂಕಿಯ ಬಾಯಿಗೆ ಬಳಪದ ಕಲ್ಲಿನ ಹಲಗೆ. ಒಳಗೆಲ್ಲ ದಪ್ಪಕ್ಕೆ ಮಣ್ಣು. ಮೊದಲ ಕೆಲವು ಸಲ ಬಚ್ಚಲಿನ ಬಾಗಿಲು ಹಾಕಿ, ಒಳಗೆ ಯಾರೂ ಇಲ್ಲದೆ ಬೆಂಕಿ ಉರಿಸಿದೆವು. ನಾನು ಬಾಗಿಲಿಗೆ ಕಿವಿ ಇಟ್ಟು ನಿಂತೆ. ಬೆಂಕಿಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಗೀಸರ್ ಹಾಕಿಸುವ ಮಾತನ್ನೂ ಮಗ ಎತ್ತಿದ್ದ. ಒಂದು ಸಂಜೆ ಅತ್ತಿಗೆ ಗೋಡೆ ಹಿಡಿದುಕೊಂಡು ತಾವೇ ಬಚ್ಚಲಿಗೆ ಬಂದರು. ಹೊಸ ಕಲ್ಲನ್ನು ಅಂಗೈಯಿಂದ ಸವರಿದರು, ಕೆಳಗಿನಿಂದ ಮೇಲಿನವರೆಗೆ.

"ಇದು ಎಲ್ಲಿಯದ್ದು?"

"ಸುಳ್ಯದ್ದು ಅತ್ತೆ. ಅಲ್ಲಿ ಯಾವ ಬನವೂ ಇಲ್ಲ, ನಾನೇ ನೋಡಿ ಬಂದೆ" ಎಂದ ಮಗ.

"ಒಳಗೆ ನೀರು ಇಲ್ಲ ತಾನೇ?"

"ಇಲ್ಲ."

"ಹೇಗೆ ಗೊತ್ತಾಗುದು?"

ಅವರು ಮಣೆ ಎಳೆದು, ಒಲೆಗೆ ಎದುರಾಗಿ ಅಲ್ಲ, ಅಡ್ಡಲಾಗಿ ಹಾಕಿಕೊಂಡರು. ಕಾಣದ ಬಲಗಣ್ಣು ಬೆಂಕಿಯ ಕಡೆಗೆ, ಕಾಣುವ ಕಣ್ಣು ಬಾಗಿಲಿನ ಕಡೆಗೆ. ನೋಡದೆಯೇ ಒಂದು ಸಿಪ್ಪೆಯನ್ನು ಬೆಂಕಿಯೊಳಗೆ ತಳ್ಳಿದರು.

"ಈಗ ಹೇಳು ಮಾರಾಯ್ತಿ, ನಿನಗೆ ಎಂತಾದ್ರೂ ಕೇಳ್ತದಾ?"

"ಇಲ್ಲ ಅತ್ತಿಗೆ" ಎಂದೆ.

"ಕೇಳಿದ ಕೂಡ್ಲೇ ಹೇಳ್ಬೇಕು ಆಯ್ತಾ" ಎಂದರು ಅವರು, ಬಾಗಿಲಿನಿಂದ ಕಣ್ಣು ತೆಗೆಯದೆ.